ಸ್ಕ್ರೀನ್‌ನಲ್ಲಿ ಮೈಲೇಜ್ ಇಳಿಯಿತು ಅಂತ ಗ್ಯಾರೇಜಿಗೆ ಓಡಬೇಡಿ, ನಾನು ಓಡಿ ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಆಕ್ಸಿಜನ್ ಸೆನ್ಸರ್ ಹೊಸದು ಬಂತು, ನಾಲ್ಕು ಸ್ಪಾರ್ಕ್ ಪ್ಲಗ್ ಬದಲಾದವು, ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ತೊಳೆದದ್ದೂ ಆಯಿತು. ಸಾಲದ್ದಕ್ಕೆ ಚೆನ್ನಾಗಿದ್ದ ಇನ್ನೊಂದು ಭಾಗವನ್ನು ನಾನೇ ಕೈಯಾರೆ ಹಾಳು ಮಾಡಿದೆ. ಇಷ್ಟಕ್ಕೆಲ್ಲ ಕಾರಣ ಸ್ಪೀಡೋಮೀಟರ್ ಪಕ್ಕದ ಪುಟ್ಟ ಸ್ಕ್ರೀನ್‌ನಲ್ಲಿದ್ದ ಒಂದು ಸಂಖ್ಯೆ.

ಆ ಸಂಖ್ಯೆ ಬಹಳ ಕಾಲದಿಂದ 17.9ರ ಆಸುಪಾಸಿನಲ್ಲೇ ಇತ್ತು. ಸರಾಸರಿ ಲೀಟರಿಗೆ ಸುಮಾರು ಹದಿನೆಂಟು ಕಿ.ಮೀ. ಯಾರಾದರೂ ಮೈಲೇಜ್ ಕೇಳಿದರೆ ಜಂಬದಿಂದಲೇ ಹೇಳುತ್ತಿದ್ದೆ. ಒಂದು ಸಲ ಮಾಮೂಲಿ ಸರ್ವಿಸ್‌ಗೆ ಬಿಟ್ಟು ತಂದೆ. ಆಮೇಲೆ ಮೊದಲ ಸಲ ಟ್ಯಾಂಕ್ ತುಂಬಿಸಿ ನಾಲ್ಕು ದಿನ ಓಡಿಸಿದ ಮೇಲೆ ನೋಡಿದರೆ 14.9! ಎದೆ ಧಸಕ್ಕೆಂದಿತು. ಸರ್ವಿಸ್‌ನವರು ಏನೋ ಎಡವಟ್ಟು ಮಾಡಿದ್ದಾರೆ ಅಂತ ಅವತ್ತೇ ತೀರ್ಮಾನಿಸಿಬಿಟ್ಟೆ.

ಅವರ ಹತ್ತಿರ ಹೋಗದೆ ಬೇರೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಲಿಲ್ಲ, ಒಂದು ಸುತ್ತು ಓಡಿಸಿ ನೋಡಲಿಲ್ಲ. ಸ್ಕ್ರೀನ್ ನೋಡಿ, "ಆಕ್ಸಿಜನ್ ಸೆನ್ಸರ್ ವೀಕ್ ಆಗಿದೆ ಸರ್, ಪ್ಲಗ್ ಕೂಡ ಹಾಕಿಬಿಡೋಣ" ಅಂದರು. ನಾನು ತಲೆಯಾಡಿಸಿದೆ. ಹಳೆಯ ಸೆನ್ಸರ್ ವಾಪಸ್ ಕೇಳಬೇಕು ಅನ್ನುವುದೂ ಹೊಳೆಯಲಿಲ್ಲ. ಸಂಜೆ ಕಾರು ತಗೊಂಡು ಹೆದ್ದಾರಿಯಲ್ಲಿ ಮನೆಗೆ ಬಂದೆ. ಸ್ಕ್ರೀನ್ 19.3 ತೋರಿಸುತ್ತಿತ್ತು. ಆ ಮೆಕ್ಯಾನಿಕ್‌ಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ಈಗ ನೆನಪಿಸಿಕೊಂಡರೆ ನನಗೇ ನಗು ಬರುತ್ತದೆ.

ಹತ್ತು ದಿನಕ್ಕೆ ಮತ್ತೆ 14.9. ಮತ್ತೆ ಅದೇ ಗ್ಯಾರೇಜ್. ಈ ಸಲ ಇಂಜೆಕ್ಟರ್ ಸರದಿ. ಮತ್ತೆ ಮನೆಗೆ ಬರುವಾಗ ಹತ್ತೊಂಬತ್ತು, ಮತ್ತೆ ಹತ್ತು ದಿನಕ್ಕೆ ಹದಿನೈದರ ಕೆಳಗೆ. ಕೆಲಸ ಮಾಡುವಾಗ ಅವರು ಬ್ಯಾಟರಿ ಟರ್ಮಿನಲ್ ತೆಗೆಯುತ್ತಿದ್ದರು, ಹಾಗಾಗಿ ಸ್ಕ್ರೀನಿನ ಸರಾಸರಿ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಬಿಸಿ ಎಂಜಿನ್, ಖಾಲಿ ಹೆದ್ದಾರಿ, ಒಂದೇ ವೇಗ. ಹಾಗೆ ಓಡಿಸಿದರೆ ಯಾವ ಕಾರಾದರೂ ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತದೆ, ಅಲ್ವಾ? ಅದು ಸೆನ್ಸರ್‌ನ ಮಹಿಮೆಯಲ್ಲ, ರಸ್ತೆಯದ್ದು.

ಇನ್ನು ಯಾರನ್ನೂ ನಂಬುವುದಿಲ್ಲ, ನಾನೇ ಅಳೆಯುತ್ತೇನೆ ಅಂತ ಹಟಕ್ಕೆ ಬಿದ್ದೆ. ಯೋಚನೆ ಸರಿಯೇ ಇತ್ತು, ಅಳೆದ ರೀತಿ ತಪ್ಪು. ಲೆಕ್ಕ ಕರಾರುವಾಕ್ಕಾಗಿ ಬರಲಿ ಅಂತ ಬಂಕಿನಲ್ಲಿ ಪೈಪ್ ಟಕ್ ಅಂತ ನಿಂತ ಮೇಲೂ "ಇನ್ನೂ ಹಾಕಿ, ಬಾಯಿಯವರೆಗೆ ಹಾಕಿ" ಅನ್ನುತ್ತಿದ್ದೆ. ಮೂರು ಸಲ ಹೀಗೆ ಮಾಡಿದೆ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಟ್ಯಾಂಕಿನ ಮೇಲ್ಭಾಗದಲ್ಲಿ ಜಾಗ ಬಿಟ್ಟಿರುವುದು ಪೆಟ್ರೋಲ್ ಬಿಸಿಗೆ ಹಿಗ್ಗಲಿ, ಆವಿಗೆ ಜಾಗ ಇರಲಿ ಅಂತ. ಆ ಆವಿ ಒಂದು ಕೊಳವೆಯಲ್ಲಿ ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಚಾರ್ಕೋಲ್ ಕ್ಯಾನಿಸ್ಟರ್ ಅಂತ ಅದರ ಹೆಸರು. ಅದು ಆವಿಯನ್ನು ಹೀರಿಟ್ಟುಕೊಂಡು ಆಮೇಲೆ ಎಂಜಿನ್‌ಗೆ ಕಳಿಸುತ್ತದೆ. ಆವಿ ಹೋಗಬೇಕಾದ ಜಾಗಕ್ಕೆ ಪೆಟ್ರೋಲೇ ನುಗ್ಗಿದರೆ ಇದ್ದಿಲು ನೆನೆದು ಡಬ್ಬಿ ಕೆಡುತ್ತದೆ. ನನಗೆ ಆದದ್ದು ಅದೇ. ಕಾರಿನ ಹಿಂದೆ ಪೆಟ್ರೋಲ್ ವಾಸನೆ, ಟ್ಯಾಂಕ್ ತುಂಬಿಸಿದ ತಕ್ಷಣ ಸ್ಟಾರ್ಟ್ ಮಾಡಿದರೆ ಎಂಜಿನ್ ಕೆಮ್ಮುವುದು, ಆಮೇಲೆ ಚೆಕ್ ಎಂಜಿನ್ ಲೈಟ್. ಇಲ್ಲದ ರೋಗಕ್ಕೆ ಮದ್ದು ಹುಡುಕಲು ಹೋಗಿ ನಿಜವಾದ ರೋಗ ತಂದುಕೊಂಡೆ.

ಆ ಲೈಟ್ ನೋಡಿಸಲು ಮೂರನೇ ಕಡೆಗೆ ಹೋದೆ. ಅಲ್ಲಿನವರು ಮೊದಲು ಸ್ಕ್ಯಾನರ್ ಹಾಕಿದರು. ಕ್ಯಾನಿಸ್ಟರ್ ಬದಲಿಸಲೇಬೇಕು ಅಂದರು. ಜೊತೆಗೆ ಫ್ಯೂಯೆಲ್ ಟ್ರಿಮ್ ಅನ್ನುವುದನ್ನೂ ತೋರಿಸಿದರು. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿದೆಯಾ ಅಂತ ಆಕ್ಸಿಜನ್ ಸೆನ್ಸರ್ ನೋಡಿ ಹೇಳುತ್ತದೆ, ಎಂಜಿನ್‌ನ ಕಂಪ್ಯೂಟರ್ ಅದಕ್ಕೆ ತಕ್ಕ ಹಾಗೆ ಹೆಚ್ಚು ಕಡಿಮೆ ಮಾಡುತ್ತದೆ. ಆ ತಿದ್ದುಪಡಿಯ ಶೇಕಡಾವಾರು ಲೆಕ್ಕವೇ ಟ್ರಿಮ್. ಪ್ಲಸ್ಸೋ ಮೈನಸ್ಸೋ ಹತ್ತರ ಒಳಗಿದ್ದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ಯಾನಿಸ್ಟರ್ ಹಾಕಿದ ಮೇಲೆ ನನ್ನದು 2 ಇತ್ತು. ಸೆನ್ಸರ್ ಹಾಕಿದ ಗ್ಯಾರೇಜಿನಲ್ಲಿ ಮೊದಲೇ ಐದು ನಿಮಿಷ ಇದನ್ನು ನೋಡಿದ್ದರೆ ಸೆನ್ಸರ್ ಮಾತೇ ಬರುತ್ತಿರಲಿಲ್ಲವೇನೋ.

ಗುಟ್ಟು ಬಿಡಿಸಿದ್ದು ನನ್ನ ತಮ್ಮ. "ಅಣ್ಣಾ, ನೀನು ಆಫೀಸಿಗೆ ಕೊಡೋಕೆ ಅಂತ ಬಂಕಿನ ಬಿಲ್ ಹಿಂದೆ ಕಿಲೋಮೀಟರ್ ಬರೀತಿದ್ದೆಯಲ್ಲ, ಅದರಲ್ಲೇ ಲೆಕ್ಕ ಹಾಕು" ಅಂದ. ಅವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದೆ. ಸರ್ವಿಸ್‌ಗೆ ಮುಂಚಿನ ಐದು ಬಿಲ್: 171 ಲೀಟರ್, 2,380 ಕಿ.ಮೀ. ಅಂದರೆ 13.9. ಸರ್ವಿಸ್ ಆದ ಮೇಲಿನ ಮೂರು: 102.6 ಲೀಟರ್, 1,426 ಕಿ.ಮೀ. ಅದೂ 13.9. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕಾರು ಇದ್ದ ಹಾಗೇ ಇತ್ತು!

ಹಾಗಾದರೆ 17.9 ಎಲ್ಲಿಂದ ಬಂತು? ಕಾರು ಕೊಂಡಾಗಿನಿಂದ ನಾನು ಆ ಸರಾಸರಿಯನ್ನು ರೀಸೆಟ್ ಮಾಡಿರಲೇ ಇಲ್ಲ. ಮೊದಲ 22,000 ಕಿ.ಮೀ. ಬಹುಪಾಲು ಹೆದ್ದಾರಿ ಓಡಾಟ. ಆಮೇಲೆ ಕೆಲಸ ಬದಲಾಗಿ ಬರೀ ಊರೊಳಗಿನ ಸಿಗ್ನಲ್ ಸಿಗ್ನಲ್ ಓಡಾಟವಾಯಿತು. ಹಳೆಯ ಸಾವಿರದ ಇನ್ನೂರು ಲೀಟರ್‌ನ ಲೆಕ್ಕದಲ್ಲಿ ಹೊಸ ನೂರೆಪ್ಪತ್ತು ಲೀಟರ್ ಕೆರೆಗೆ ಚೊಂಬು ನೀರು ಸುರಿದ ಹಾಗೆ, ಅಷ್ಟಾಗಿ ಗೊತ್ತಾಗುವುದಿಲ್ಲ. ಸರ್ವಿಸ್‌ನಲ್ಲಿ ಬ್ಯಾಟರಿ ತೆಗೆದಾಗ ನನ್ನ ಕಾರಿನ ಸೆಟ್ಟಿಂಗ್ ಕಂಪನಿಯಿಂದ ಬಂದಾಗ ಇದ್ದ ಹಾಗೆ ಆಗಿಬಿಟ್ಟಿತ್ತು: ಪ್ರತಿ ಸಲ ಪೆಟ್ರೋಲ್ ತುಂಬಿಸಿದಾಗಲೂ ತಾನೇ ರೀಸೆಟ್. ಹಾಗಾಗಿ ಸ್ಕ್ರೀನ್ ಮೊದಲ ಸಲ ನನ್ನ ಈಗಿನ ಓಡಾಟದ ಮೈಲೇಜ್ ತೋರಿಸಿತು. ನಿಜಕ್ಕೆ ಹತ್ತಿರ ಬಂದ ದಿನವೇ ನಾನು ಅದನ್ನು ಅನುಮಾನಿಸಿದೆ.

ಹತ್ತಿರ ಅಂದೆ, ಸರಿ ಅನ್ನಲಿಲ್ಲ. ಸ್ಕ್ರೀನ್ 14.9, ಬಿಲ್ 13.9. ಅಂದರೆ ಶೇಕಡಾ 7ರಷ್ಟು ಜಾಸ್ತಿ ತೋರಿಸುತ್ತಿದೆ. ಇಂಥ ವ್ಯತ್ಯಾಸ ಎಷ್ಟೋ ಕಾರುಗಳಲ್ಲಿ ಇರುತ್ತದೆ. ಸಾಮಾನ್ಯ ಕಾರುಗಳಲ್ಲಿ ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಯಿತು ಅಂತ ಅಳೆಯುವ ಮೀಟರೇ ಇರುವುದಿಲ್ಲ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ಬಾಯಿ ತೆರೆದಿತ್ತು ಅಂತ ಎಣಿಸಿ, ಇಷ್ಟು ಪೆಟ್ರೋಲ್ ಹೋಗಿರಬೇಕು ಅಂತ ಕಾರಿನ ಕಂಪ್ಯೂಟರ್ ಅಂದಾಜು ಮಾಡುತ್ತದೆ. ದೂರವೂ ಚಕ್ರದ ಸುತ್ತುಗಳ ಲೆಕ್ಕ. 185/65 ಆರ್15 ಅಳತೆಯ ಟೈರ್ ಇದ್ದ ಕಡೆ 195/65 ಆರ್15 ಹಾಕಿಸಿದರೆ ಚಕ್ರ ಸುಮಾರು ಶೇಕಡಾ 2 ದೊಡ್ಡದಾಗುತ್ತದೆ. ನೀವು 102 ಕಿ.ಮೀ. ಹೋದರೂ ಅದು 100 ಅಂತಲೇ ಬರೆದುಕೊಳ್ಳುತ್ತದೆ. ಆಗ ಬಿಲ್ ಲೆಕ್ಕವೂ ತಪ್ಪುತ್ತದೆ, ಯಾಕೆಂದರೆ ಓಡೋಮೀಟರ್ ಕೂಡ ಅದೇ ಚಕ್ರವನ್ನು ನಂಬಿದೆ.

ಅಳೆಯುವವರು ಹೀಗೆ ಅಳೆಯಿರಿ. ಪೈಪ್ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಆ ಲೀಟರ್ ಲೆಕ್ಕಕ್ಕೆ ಬೇಡ. ಮುಂದಿನ ನಾಲ್ಕೈದು ಸಲ ಅದೇ ಪಂಪಿನಲ್ಲಿ, ಕಾರು ಅದೇ ಕಡೆ ಮುಖ ಮಾಡಿ ನಿಂತಿರುವಾಗ ತುಂಬಿಸಿ, ಅದೂ ಮೊದಲ ಟಕ್‌ವರೆಗೆ ಮಾತ್ರ. ಕೊನೆಗೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರ್‌ನಿಂದ ಭಾಗಿಸಿ. ಪ್ರತಿ ಸಲದ ಮೈಲೇಜ್ ಕೂಡಿಸಿ ಸರಾಸರಿ ತೆಗೆಯಬೇಡಿ. ನೂರು ಕಿ.ಮೀ. 10ರಂತೆ, ಇನ್ನೊಂದು ನೂರು 20ರಂತೆ ಓಡಿದರೆ ಸರಾಸರಿ 15 ಅಲ್ಲ. 200 ಕಿ.ಮೀ.ಗೆ 15 ಲೀಟರ್, ಅಂದರೆ 13.3.

ಬಿಲ್ ಲೆಕ್ಕದಲ್ಲೂ ಮೈಲೇಜ್ ನಿಜವಾಗಿ ಬಿದ್ದಿದ್ದರೆ ಆಗ ಗ್ಯಾರೇಜಿಗೆ ಹೋಗಿ. ಎಷ್ಟು ಓಡಿಸಿದರೂ ಎಂಜಿನ್ ಬಿಸಿಯಾಗುತ್ತಿಲ್ಲವೆಂದರೆ ಎಂಜಿನ್ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕವಾಟ ತೆರೆದೇ ಸಿಕ್ಕಿಕೊಂಡಿರಬಹುದು. ಒಂದು ಚಕ್ರ ಮಾತ್ರ ಕೈ ಹತ್ತಿರ ತಂದರೆ ಸುಡುವಷ್ಟು ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಟೈರಿನ ಗಾಳಿಯನ್ನಂತೂ ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ಏನೇ ಆಗಲಿ ಮೊದಲು ಸ್ಕ್ಯಾನರ್, ಆಮೇಲೆ ಸ್ಪ್ಯಾನರ್. ಹಳೆಯ ಭಾಗ ವಾಪಸ್ ಕೇಳಿ ತಗೊಳ್ಳಿ.

ನನ್ನ ಸ್ಕ್ರೀನ್ ಇವತ್ತು ಬೆಳಿಗ್ಗೆ 14.8 ಅಂದಿತು. ಮನಸ್ಸಿನಲ್ಲೇ ಒಂದು ಕಳೆದುಕೊಂಡು ಗೇರ್ ಹಾಕಿದೆ.