ಬೋರ್ಡಿಲ್ಲದ ಪೇಟಿ ರಿಪೇರಿ ಅಂಗಡಿ: 5ಕ್ಕೆ 4 ಕೊಡ್ತೀನಿ, ಆ ಒಂದು ಯಾಕೆ ಕಟ್ ಅಂದ್ರೆ...

ಮೊದ್ಲೇ ಹೇಳ್ಬಿಡ್ತೀನಿ, ಈ ಅಂಗಡಿಗೆ ಬೋರ್ಡಿಲ್ಲ, ಮ್ಯಾಪಲ್ಲೂ ಸಿಗಲ್ಲ. ಹುಬ್ಬಳ್ಳಿ ದುರ್ಗದಬೈಲಿನ ಗದ್ದಲ ದಾಟಿ ಒಳಗಿನ ಗಲ್ಲಿಗೆ ಹೋಗಿ "ಪೇಟಿ ಚಾಚಾ ಎಲ್ಲಿ" ಅಂತ ಕೇಳಿದ್ರೆ ಯಾರಾದ್ರೂ ಕೈ ತೋರಿಸ್ತಾರೆ. ಬೆಂಗಳೂರು ಮೈಸೂರು ಕಡೆಯವ್ರಿಗೆ ಒಂದು ಮಾತು, ಪೇಟಿ ಅಂದ್ರೆ ಹಾರ್ಮೋನಿಯಂ, ತಲೆಗೆ ಸುತ್ತೋ ಪೇಟ ಅಲ್ಲ. ನಗಬೇಡಿ, ನಮ್ಮ ಆಫೀಸಲ್ಲಿ ಒಬ್ಳು ಹಂಗೇ ತಿಳ್ಕೊಂಡಿದ್ಲು.

ನಮ್ಮಪ್ಪ ಪೇಟಿ ಮಾಸ್ತರ್. ಹಳ್ಳಿ ನಾಟಕ ನೋಡದೇ ಇರೋರಿಗೆ ಇದು ಏನೋ ಪಕ್ಕವಾದ್ಯದ ಕೆಲಸ ಅನ್ಸುತ್ತೆ, ಆದ್ರೆ ನಮ್ಮ ಗದಗ ಸೀಮೇಲಿ ಪೇಟಿ ಮಾಸ್ತರ್ ಅಂದ್ರೆ ಡೈರೆಕ್ಟರ್, ಮ್ಯೂಸಿಕ್ ಡೈರೆಕ್ಟರ್, ಪ್ರಾಂಪ್ಟರ್ ಎಲ್ಲಾ ಒಬ್ಬರೇ. ಜಾತ್ರೆಗೆ ಎರಡು ತಿಂಗಳು ಮುಂಚೆ ಊರಿನ ಹುಡುಗ್ರು ಬಂದು ಕರ್ಕೊಂಡು ಹೋಗೋರು, ಹಗಲು ಹೊಲ ಹರಗಿ ಬಂದ ಗಂಡಸರು ರಾತ್ರಿ ಗುಡಿ ಮುಂದೆ ಕೂತು ತಾಲೀಮು ಮಾಡೋರು, ಓದೋಕೆ ಬರ್ದೇ ಇರೋರಿಗೆ ಅಪ್ಪ ಪಾರ್ಟನ್ನ ಬಾಯಿಪಾಠ ಮಾಡ್ಸೋರು. ಸ್ತ್ರೀ ಪಾರ್ಟಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರೋರು, ಅವ್ರು ಬಂದಿಳಿಯೋದು ನಾಟಕದ ಹಿಂದಿನ ದಿನ, ಎಷ್ಟೋ ಸಲ ಅದೇ ದಿನ ಮಧ್ಯಾಹ್ನ. ನಮ್ಮೂರಲ್ಲೇ ನಾಟಕ ಇದ್ರೆ ಅವ್ರ ಊಟ ವಸ್ತಿ ನಮ್ಮನೇಲಿ, ಅವ್ವ ರೊಟ್ಟಿ ಬಡ್ದು ಹಾಕೋಳು, ಓಣಿಯವ್ರು ಮೂಗು ಮುರಿಯೋರು, ಆಮೇಲೆ ಅದೇ ಓಣಿಯವ್ರು ರಾತ್ರಿ ಎಲ್ರಿಗಿಂತ ಮುಂದೆ ಚಾಪೆ ಹಾಸ್ಕೊಂಡು ಕೂರೋರು! ನನ್ನ ಕಾಲೇಜ್ ಫೀಸ್ ಬಂದಿದ್ದೂ ಆ ಪೇಟಿಯಿಂದ್ಲೇ. ಆದ್ರೆ ತಾಲೀಮಿಗೆ ಮಾತ್ರ ನನ್ನನ್ನ ಒಂದು ದಿನಾನೂ ಬಿಟ್ಟಿಲ್ಲ, ಹೆಣ್ಮಕ್ಕಳು ಅಲ್ಲಿ ಬರಬಾರ್ದು ಅಂತ. ಹೊರಗೆ ಕಟ್ಟೆ ಮೇಲೆ ಕೂತು ಕೇಳಿದ್ದಷ್ಟೇ, ಹಂಗೇ ಎಲ್ಲಾ ಹಾಡೂ ಬರುತ್ತೆ.

ಈಗ ಅಪ್ಪಂಗೆ 78. ಪೇಟಿ ಐದಾರು ವರ್ಷ ಅಟ್ಟದ ಮೇಲಿತ್ತು, ಇಲಿ ಗಾಳಿ ತುಂಬೋ ತಿದಿಯ ಮೂಲೆ ಚರ್ಮ ತಿಂದು ಹಾಕಿತ್ತು. ಮೊದ್ಲು ಒಂದು ದೊಡ್ಡ ಮ್ಯೂಸಿಕ್ ಶೋರೂಮಿಗೆ ತಗೊಂಡು ಹೋದೆ, ಹೆಸರು ಬೇಡ ಬಿಡಿ. ಅಲ್ಲಿನ ಹುಡುಗ ಮುಚ್ಚಳಾನೂ ತೆಗೀದೇ "ಮೇಡಂ ಇದು ವೇಸ್ಟು, ಎಕ್ಸ್‌ಚೇಂಜಲ್ಲಿ ಕೊಟ್ಟು ಹೊಸದು ತಗೊಳ್ಳಿ" ಅಂದ. ಸಿಟ್ಟು ಬಂದು ವಾಪಸ್ ತಂದೆ.

ಚಾಚಾ ಹತ್ರ ಬಂದಾಗ ಏನಾಯ್ತು ಅಂದ್ರೆ, ಅವ್ರು ಮೊದ್ಲು ಬಾರಿಸ್ಲೇ ಇಲ್ಲ. ಪಟ್ಟಿಗಳ (ಒತ್ತೋ ಕೀಗಳ) ಮೇಲೆ ಬೆರಳು ಆಡ್ಸಿ, ಕನ್ನಡಕ ಹಣೆಗೇರ್ಸಿ, "ಇದನ್ನ ಬಾರಸ್ತಿದ್ದವ್ರು ನಾಟಕದವ್ರೇನು?" ಅಂದ್ರು.

"ಹೌದ್ರಿ ಚಾಚಾ, ನಿಮಗ ಹೆಂಗ ಗೊತ್ತಾತು?"

"ಕರಿ ನಾಕು ನೋಡ ತಂಗೆವ್ವಾ, ಹೆಂಗ ಸವದೈತಿ. ಅದರ ಪಂಚಮ, ಮ್ಯಾಲಿನ ಕರಿ ಎರಡು, ಅದೂ ಸವದೈತಿ. ಗಂಡಸು ತನ್ನ ದನಿಗೆ ಬಾರ್ಸಿದ್ರ ಕರಿ ಒಂದು ಸವೀತಿತ್ತು. ಇದು ಹೆಣ್ಮಕ್ಕಳ ಪಟ್ಟಿ."

ನಂಗೆ ಅಷ್ಟು ವರ್ಷ ಅರ್ಥ ಆಗ್ದೇ ಇದ್ದ ಒಂದು ವಿಷ್ಯ ಆವಾಗ ಹೊಳೀತು. ಕರಿ ನಾಕು ಅಂದ್ರೆ ನಾಲ್ಕನೇ ಕಪ್ಪು ಪಟ್ಟಿ, ಪಂಚಮ ಅಂದ್ರೆ ಅದನ್ನ ಸಾ ಅಂತ ಹಿಡಿದಾಗ ಬರೋ ಪಾ. ಹಾಡೋಕೆ ಬಂದ ಕಲಾವಿದೆ ಕರಿ ನಾಕನ್ನೇ ಸಾ ಮಾಡ್ಕೊಂಡು ಹಾಡೋಳು, ಅವ್ಳಿಗೆ ಪ್ರಾಕ್ಟೀಸ್ ಮಾಡೋಕೆ ಟೈಮಿಲ್ಲ, ಅದಕ್ಕೆ ಎರಡು ತಿಂಗಳು ತಾಲೀಮಲ್ಲಿ ಊರ ಗಂಡಸರನ್ನೇ ಅಪ್ಪ ಅವಳ ಪಟ್ಟಿಗೆ, ಅಂದ್ರೆ ಅವಳ ಶ್ರುತಿಗೆ, ಎಳೀತಿದ್ರು. ಡ್ಯುಯೆಟ್ ಬಂದಾಗ ನಮ್ಮೂರ ಹೀರೋ ಮೇಲಿನ ಸಾ ಹತ್ರ ಹೋಗಿ ಗಂಟಲು ಒಡ್ಕೊಂಡು ಕೋಳಿ ಥರ ಕೂಗಿ ಜನ ಸಿಳ್ಳೆ ಹೊಡೆದಿದ್ದು ನಂಗೆ ಚೆನ್ನಾಗಿ ನೆನಪಿದೆ. ಕೂಗಿದ್ರೂ ಮರುವರ್ಷ ಅವನೇ ಹೀರೋ. ಈಗ್ಲೂ ಊರಲ್ಲಿ ಅವನನ್ನ ಪಾರ್ಟಿನ ಹೆಸರಿಂದಾನೇ ಕರೀತಾರೆ, ಸ್ವಂತ ಹೆಸರು ರೇಷನ್ ಕಾರ್ಡಲ್ಲಿ ಮಾತ್ರ ಇದೆ.

ಕೆಲಸದ ಬಗ್ಗೆ ಹೇಳ್ತೀನಿ, ರಿವ್ಯೂ ಅಂದ್ಮೇಲೆ ಅದೇ ಮುಖ್ಯ. ತಿದಿ ಪೂರ್ತಿ ಬಿಚ್ಚಿ ಮಡಿಕೆ ಮಡಿಕೆಗೂ ಹೊಸ ಬಟ್ಟೆ ಅಂಟ್ಸಿ, ಮೂಲೆಗೆ ಮೆತ್ತನೆ ಚರ್ಮ ಹಾಕಿದಾರೆ. ಯಾವ ಪಟ್ಟೀನೂ ಒತ್ತದೇ ತಿದಿ ತುಂಬ್ಸಿ ಗಡಿಯಾರ ನೋಡ್ಕೊಂಡು ಕೂತ್ರು, ಗಾಳಿ ಎಷ್ಟೊತ್ತು ನಿಲ್ಲುತ್ತೆ ಅಂತ. ನೀವೂ ಸೆಕೆಂಡ್ ಹ್ಯಾಂಡ್ ಪೇಟಿ ತಗೊಳೋವಾಗ ಇದೊಂದು ಮಾಡಿ ನೋಡಿ. ಸ್ವರ ಹೊರಡಿಸೋ ರೀಡು ಮೂರು ಸಾಲು, ಅವ್ರ ಭಾಷೇಲಿ ಖರ್ಜ (ದಪ್ಪ ದನಿ), ನರ (ಗಂಡು), ಮಾದಿ (ಹೆಣ್ಣು). ಹಿತ್ತಾಳೆ ನಾಲಿಗೆಯ ತುದಿ ಚೂರು ಉಜ್ಜಿದ್ರೆ ಸ್ವರ ಏರುತ್ತೆ, ಬುಡ ಉಜ್ಜಿದ್ರೆ ಇಳಿಯುತ್ತೆ, ಒಂಚೂರು ಜಾಸ್ತಿ ಆದ್ರೆ ನಾಲಿಗೆ ತೆಳ್ಳಗಾಗಿ ಕೆಲಸ ಕೆಟ್ಟಂಗೇ. ಎರಡು ರೀಡು ಮುರಿದಿದ್ವು, ಅದಕ್ಕೆ ಗುಜರಾತಿನ ಪಾಲಿತಾಣಾದ ಹಳೇ ರೀಡು ಡಬ್ಬೀಲಿ ಹುಡುಕಿ ಹಾಕಿದ್ರು. ನಾನು ಮೊಬೈಲಲ್ಲಿ ಟ್ಯೂನರ್ ಆ್ಯಪ್ ತೆಗ್ದು ತೋರ್ಸಿದ್ರೆ ನೋಡಿ ತಲೆ ಆಡ್ಸಿ ವಾಪಸ್ ಕೊಟ್ರು, ಪಕ್ಕದಲ್ಲಿದ್ದ ತಂಬೂರಿ ಮೀಟಿ ಕಿವಿ ಕೊಟ್ಕೊಂಡು ಉಜ್ಜೋಕೆ ಕೂತ್ರು.

ಗೋಡೆ ಮೇಲೆ ಬೆಳಗಾವಿಯ ರಾಂಭಾವು ಬಿಜಾಪುರೆಯವರ ಫೋಟೋ ಇದೆ, ದೊಡ್ಡ ದೊಡ್ಡ ಗಾಯಕರಿಗೆ ಪೇಟಿ ಸಾಥ್ ಕೊಟ್ಟವ್ರು. ಅದನ್ನ ನೋಡ್ತಾ ನಿಂತಿದ್ದಕ್ಕೆ ಚಾಚಾ ರೇಡಿಯೋ ಕಥೆ ತೆಗೆದ್ರು. ಪೇಟೀಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕಾಗಲ್ಲ, ಮೀಂಡ್ ಬರಲ್ಲ, ಅದು ನಮ್ಮ ಸಂಗೀತಕ್ಕಲ್ಲ ಅಂತ 1940ರಲ್ಲಿ ಆಕಾಶವಾಣಿಯವ್ರು ಅದನ್ನ ಬಂದ್ ಮಾಡಿದ್ರು, 1971ರ ತನಕ ಒಳಗೆ ಬಿಡ್ಲಿಲ್ಲ. 1950ರಲ್ಲಿ ಧಾರವಾಡ ಸ್ಟೇಷನ್ ಶುರುವಾಗಿದ್ದೂ ಪೇಟಿ ಇಲ್ದೇನೇ. ತಮಾಷೆ ಅಂದ್ರೆ ಅದೇ ಹೊತ್ತಲ್ಲಿ ಸುತ್ತಲ ಹಳ್ಳೀಲೆಲ್ಲಾ ನಾಟಕ, ಭಜನೆ, ಶ್ರೀಕೃಷ್ಣ ಪಾರಿಜಾತದ ಬಯಲಾಟ ಎಲ್ಲಾ ನಡೀತಿದ್ದಿದ್ದು ಪೇಟಿ ಮೇಲೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲ್ಸಿ ಅನ್ನ ಹಾಕಿದ್ದು ಇಡೀ ಸೀಮೆಗೆ ಗೊತ್ತು, ಅವ್ರೂ ಆಶ್ರಮಕ್ಕೋಸ್ಕರ ನಾಟಕ ಕಂಪನಿ ಕಟ್ಟಿದವ್ರೇ. ಅಪ್ಪಂಗೆ ಪೇಟಿ ಕಲ್ಸಿದ ಮಾಸ್ತರೂ ಆ ಆಶ್ರಮದಲ್ಲೇ ಕಲ್ತವ್ರು, ಅವ್ರಿಗೂ ಕಣ್ಣಿರ್ಲಿಲ್ಲ. ಅಪ್ಪ ಈಗ್ಲೂ ಪೇಟಿ ನೋಡ್ಕೊಂಡು ಬಾರ್ಸಲ್ಲ, ಎದುರಿಗಿರೋರ ಮುಖ ನೋಡ್ತಾರೆ. ಗುರುಗಳು ಕಲ್ಸಿದ್ದೇ ಹಂಗೆ.

ಸ್ಟಾರ್ ಕಟ್ ಆಗಿದ್ದು ಟೈಮ್ ವಿಷ್ಯಕ್ಕೆ. ಹತ್ತು ದಿನ ಅಂದ್ರು, ಏಳು ವಾರ ಆಯ್ತು. ಫೋನ್ ಎತ್ತಲ್ಲ. ನಾನು ಮೂರು ಸಲ ಸುಮ್ನೆ ಹೋಗಿ ಗಿರ್ಮಿಟ್ ತಿಂದು ವಾಪಸ್ ಬಂದೆ. ತಪ್ಪು ಸ್ವಲ್ಪ ನಂದೂ ಇದೆ, ಶ್ರಾವಣಕ್ಕೆ ಮುಂಚೆ ಕೊಟ್ಟೆ. ಶ್ರಾವಣ ಬಂತಂದ್ರೆ ಹಳ್ಳಿ ಹಳ್ಳೀಲಿ ಭಜನೆ, ಮಳೆಗೆ ಮರ ಉಬ್ಬಿ ಪಟ್ಟಿ ಕಚ್ಕೊಂಡಿರುತ್ತೆ, ಎಲ್ಲಾ ಭಜನಾ ಮಂಡಳಿಯವ್ರೂ ಗೋಣಿಚೀಲದಲ್ಲಿ ಸುತ್ಕೊಂಡು ಟಂಟಂ ಗಾಡಿ ಮೇಲೆ ತಂದು ಸುರೀತಾರೆ. ಅವ್ರದ್ದು ಇವತ್ತು ರಾತ್ರಿಗೇ ಬೇಕು, ನಂದು ಅಟ್ಟದಿಂದ ಇಳಿದಿದ್ದು, ಸೋ ಹಿಂದಕ್ಕೆ ಹೋಯ್ತು. ಕೊಡೋದಾದ್ರೆ ಬೇಸಿಗೇಲಿ ಕೊಡಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತೆ, ಯುಪಿಐ ಇಲ್ಲ, ಕ್ಯಾಶ್ ಇಟ್ಕೊಂಡು ಹೋಗಿ. ನಂಗೆ ಒಟ್ಟು ₹4,200 ಆಯ್ತು, ಈ ಕೆಲಸಕ್ಕೆ ಜಾಸ್ತಿ ಅಲ್ಲ.

ಮನೆಗೆ ತಂದಾಗ ಅಪ್ಪ ಖುಷಿ ಆಗ್ತಾರೆ, ಏನಾದ್ರೂ ಬಾರಿಸ್ತಾರೆ ಅಂತ ವಿಡಿಯೋ ಆನ್ ಮಾಡ್ಕೊಂಡು ನಿಂತಿದ್ದೆ. ಬಾರಿಸ್ಲಿಲ್ಲ. ಕರಿ ನಾಕು ಒತ್ತಿದ್ರು, ಪಂಚಮ ಸೇರ್ಸಿದ್ರು, ಇನ್ನೊಂದ್ಸಲ ಒತ್ತಿದ್ರು. "ಪಂಚಮ ಏರೇತಿ. ಫೋನ್ ಹಚ್ಚು ಅವಂಗ" ಅಂದ್ರು. ಆ ದಿನ ಹೆಂಗೋ ಚಾಚಾ ಫೋನ್ ಎತ್ತಿದ್ರು, ಸ್ಪೀಕರಲ್ಲಿ ಹಾಕಿದೆ.

"ಪಂಚಮ ಕರೆಕ್ಟ್ ಐತ್ರಿ ಮಾಸ್ತರ್ರ. ಇಷ್ಟ ವರ್ಷ ಇಳದ ಪಂಚಮ ಕೇಳಿ ಕೇಳಿ ನಿಮ್ಮ ಕಿವಿನ ಇಳದಾವು."

"ನನ್ನ ಕಿವಿ ಇಳದಿಲ್ಲೋ ಮಾರಾಯಾ, ನಿನ್ನ ಅರ ಜಾಸ್ತಿ ಓಡೇತಿ."

ಒಬ್ಬರನ್ನೊಬ್ಬರು ನೋಡೇ ಇಲ್ದಿರೋ ಇಬ್ರು ಮುದುಕ್ರು ಒಂದು ರೀಡಿನ ಮೇಲೆ ಇಪ್ಪತ್ತು ನಿಮಿಷ ಜಗಳ ಆಡಿದ್ರು, ಫೋನ್ ಹತ್ರ ಪೇಟಿ ಒತ್ತಿ ತೋರ್ಸೋದು ಬೇರೆ. ಕೊನೆಗೆ ಚಾಚಾ "ತಗೊಂಡ್ ಬರ್ರಿ, ನಿಮ್ಮ ಮುಂದನ ಉಜ್ಜತೀನಿ, ನೀವೂ ಬರ್ಬೇಕು ಮತ್ತ" ಅಂದ್ರು. ಆರು ತಿಂಗಳಿಂದ ಡಾಕ್ಟರ್ ಹತ್ರಾನೂ ಬರಲ್ಲ ಅಂತಿದ್ದ ಅಪ್ಪ ಸೋಮವಾರ ಬಸ್ಸಿಗೆ ರೆಡಿ ಇದಾರೆ, ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟಾಗಿದೆ. ಪೇಟಿ ಹೊರೋದು ಮಾತ್ರ ಮತ್ತೆ ನಾನೇ.