ನಮ್ಮ ಮೇನ್ ರೋಡಿನ ಸೈಕಲ್ ಲೇನ್: ಮೂರು ತಿಂಗಳು ಓಡಿಸಿ ನೋಡಿದ ಮೇಲೆ

ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೇನೆ. ಆ ಎರಡೂ ಬೆಳಿಗ್ಗೆ 6ರಿಂದ 7.30ರ ತನಕ ಇರುವ ಲೇನಿಗೆ. ಆಮೇಲೆ ಅಲ್ಲೊಂದು ಲೇನ್ ಇದೆ ಅಂತ ಗೊತ್ತಾಗುವುದೇ ಇಲ್ಲ.

ಸೈಕಲ್ ಲೇನೇ ಬೇಡ ಅನ್ನುವವರ ಜೊತೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಬೆಂಗಳೂರಿನ ಔಟರ್ ರಿಂಗ್ ರೋಡಿಗೆ ಅಂಟಿಕೊಂಡ ಬಡಾವಣೆಯಲ್ಲಿ 14 ವರ್ಷದಿಂದ ಇದ್ದೇನೆ. ವಾರದಲ್ಲಿ ನಾಲ್ಕೈದು ದಿನ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಮಗಳು ಏಳನೇ ಕ್ಲಾಸು, ತಾನೂ ಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಲೇನ್ ಬರುತ್ತದೆ ಅಂದಾಗ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳು ನಾನೇ ಇರಬೇಕು. ನನ್ನ ತಕರಾರು ಜಾಗದ ಬಗ್ಗೆ ಮಾತ್ರ. ಇದನ್ನು ಹಾಕಬೇಕಾದದ್ದು ಇಲ್ಲಲ್ಲ.

ಲೇನ್ ಹೇಗಿದೆ ಅಂತ ಮೊದಲು ಹೇಳುತ್ತೇನೆ. ಮೇನ್ ರೋಡಿನ ಎಡ ಅಂಚಿನಲ್ಲಿ ಹಸಿರು ಬಣ್ಣ, ಒಂದು ಬಿಳಿ ಗೆರೆ, ಅಲ್ಲಲ್ಲಿ ಪ್ಲಾಸ್ಟಿಕ್ ಕಂಬ. ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಟೇಪ್ ಹಿಡಿದು ಅಳೆದೆ, ಅಗಲ 5 ಅಡಿ. ಅದರಲ್ಲಿ ಒಂದಡಿ ಚರಂಡಿ ಮೇಲಿನ ಚಪ್ಪಡಿ, ಅದು ಏರುಪೇರು. ಸೈಕಲ್ ಹ್ಯಾಂಡಲ್ಲೇ 2 ಅಡಿ ಹತ್ತಿರ ಇರುತ್ತದೆ, ಅಂದರೆ ಎರಡು ಕಡೆ ಒಂದೊಂದು ಅಡಿ ಉಳಿಯಿತು ಅಷ್ಟೇ. ಬಣ್ಣ ಹೊಸದಾಗಿದ್ದಾಗ ನೋಡೋಕೆ ಚೆನ್ನಾಗಿತ್ತು, ಮೊದಲ ವಾರ ನಾವೆಲ್ಲ ಫೋಟೋ ತೆಗೆದುಕೊಂಡೆವು.

ಬೆಳಿಗ್ಗೆ ಆರಕ್ಕೆ ಹೊರಟರೆ ನಿಜಕ್ಕೂ ಹಿತ. ಹಾಲಿನ ಗಾಡಿ ಬಿಟ್ಟರೆ ಯಾರೂ ಇರುವುದಿಲ್ಲ, ಹೊಂಗೆ ಮರದ ಕೆಳಗೆ ತಂಪು. 7.30ಕ್ಕೆ ದರ್ಶಿನಿ ಮುಂದೆ ಸ್ಕೂಟರ್ ನಿಲ್ಲಲು ಶುರು. 8 ಗಂಟೆಗೆ ಸ್ಕೂಲ್ ವ್ಯಾನುಗಳು. ಆಮೇಲೆ ತರಕಾರಿ ತಳ್ಳುಗಾಡಿ, ಎಳನೀರು, ಮೆಡಿಕಲ್ ಶಾಪಿಗೆ ಬಂದವರ ಕಾರು, ಡೆಲಿವರಿ ಹುಡುಗರ ಬೈಕು. ಬಸ್ ಸ್ಟಾಪಿನ ಹತ್ತಿರವಂತೂ ಲೇನ್ ಬಸ್ಸಿನ ಬಾಗಿಲಿಗೇ ಹೋಗಿ ಮುಟ್ಟುತ್ತದೆ. ಜನ ಇಳಿಯೋದು ಲೇನಿಗೆ, ಕಾಯೋದು ಲೇನಿನಲ್ಲಿ. ಅವರ ತಪ್ಪೇನೂ ಇಲ್ಲ, ಅವರು ಇನ್ನೆಲ್ಲಿ ನಿಲ್ಲಬೇಕು?

ನನಗೆ ಹೆದರಿಕೆ ಇರುವುದು ಇಲ್ಲಿ. ಲೇನ್ ಇಲ್ಲದಿದ್ದಾಗ ನಾನು ರಸ್ತೆಯಲ್ಲಿ ಒಂದೇ ಗೆರೆಯಲ್ಲಿ ನೇರವಾಗಿ ಹೋಗುತ್ತಿದ್ದೆ, ಹಿಂದಿನವರಿಗೆ ನಾನು ಕಾಣುತ್ತಿದ್ದೆ. ಈಗ ನಿಂತ ಕಾರು ಸಿಕ್ಕಿದ ಕೂಡಲೇ ಲೇನಿನಿಂದ ಹೊರಗೆ ಬರಬೇಕು, ದಾಟಿ ಮತ್ತೆ ಒಳಗೆ, ಹತ್ತು ಹೆಜ್ಜೆಗೆ ಮತ್ತೆ ಹೊರಗೆ. ಹಿಂದೆ ಬರುವ ಬಸ್ಸಿನವರಿಗೆ ಇದು ಹಠಾತ್ತಾಗಿ ಅಡ್ಡ ಬಂದ ಹಾಗೆ. ಕಾರಿನ ಬಲಗಡೆ ಬಾಗಿಲು ಯಾವಾಗ ತೆರೆಯುತ್ತದೋ ಅದೂ ಗೊತ್ತಿಲ್ಲ. ಎರಡು ಸಲ ಕೂದಲೆಳೆಯಲ್ಲಿ ಪಾರಾಗಿದ್ದೇನೆ. ಮಗಳನ್ನು ಈ ಲೇನಿನಲ್ಲಿ ಒಬ್ಬಳನ್ನೇ ಇನ್ನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಇದೆಲ್ಲ ನಮಗೆ ಹೊಸದೂ ಅಲ್ಲ, ಅದೇ ಬೇಜಾರು. 2020ರಲ್ಲಿ, ಲಾಕ್‌ಡೌನ್ ಮುಗಿಯುತ್ತಿದ್ದ ಹೊತ್ತಿಗೆ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಔಟರ್ ರಿಂಗ್ ರೋಡಿನಲ್ಲಿ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ತಾತ್ಕಾಲಿಕ ಸೈಕಲ್ ಲೇನ್ ಹಾಕಲು ಶುರು ಮಾಡಿದ್ದು ನೆನಪಿದೆ ಅಲ್ವಾ? ಆ ವರ್ಷ ಕೇಂದ್ರ ಸರ್ಕಾರ ಸೈಕಲ್ ಓಡಿಸುವವರಿಗೆ ಅನುಕೂಲ ಮಾಡಿಕೊಡಲು ಊರೂರುಗಳ ನಡುವೆ ಸ್ಪರ್ಧೆ ಥರ ‘ಇಂಡಿಯಾ ಸೈಕಲ್ಸ್ ಫಾರ್ ಚೇಂಜ್’ ಅಂತ ಒಂದು ಚಾಲೆಂಜ್ ಇಟ್ಟಿತ್ತು, ಬೆಂಗಳೂರೂ ಸೇರಿತ್ತು. ಅದಕ್ಕೂ ಮುಂಚೆ 2019ರಲ್ಲಿ ಅದೇ ರಸ್ತೆಯಲ್ಲಿ ಬಸ್ಸಿಗೆ ಬೇರೆ ಲೇನ್ ಬಂದಿತ್ತು. ಆ ಸೈಕಲ್ ಲೇನಿನಲ್ಲಿ ನಾನೂ ಓಡಾಡಿದೆ. ರಸ್ತೆ ಖಾಲಿ ಇದ್ದಷ್ಟು ದಿನ ಸೊಗಸಾಗಿತ್ತು. ಟ್ರಾಫಿಕ್ ವಾಪಸ್ ಬಂದ ಮೇಲೆ ಬೈಕಿನವರು ಒಳಗೆ ನುಗ್ಗಿದರು, ಕಂಬಗಳು ಒಂದೊಂದೇ ಮುರಿದವು, ಕೊನೆಗೆ 2021ರಿಂದ ಮೆಟ್ರೊ ನೀಲಿ ಮಾರ್ಗದ ಕೆಲಸ ಬಂತು. ಮೆಟ್ರೊ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ರಸ್ತೆ ಅಗೆಯಬೇಕಾಗಿ ಬಂದಾಗ ಮೊದಲು ಹೋಗೋದು ಅಂಚಿನಲ್ಲಿ ಬಣ್ಣ ಬಳಿದ ಸೈಕಲ್ ಜಾಗವೇ. ಜಯನಗರದಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲು ಸೈಕಲ್ ಟ್ರ್ಯಾಕ್ ಮಾಡಿದ್ದರು. ಅಲ್ಲೂ ಕಾರು ನಿಂತವು. ಮೇನ್ ರೋಡಿನ ಎಡ ಅಂಚು ಅಂದರೆ ನಮ್ಮ ಊರಿನಲ್ಲಿ ಎಲ್ಲರಿಗೂ ಬೇಕಾದ ಜಾಗ. ಬಸ್ಸಿಗೆ ಬೇಕು, ಆಟೋಗೆ ಬೇಕು, ಅಂಗಡಿಗೆ ಬೇಕು, ಹೂವು ಮಾರುವ ಅಜ್ಜಿಗೂ ಬೇಕು. ಅಲ್ಲಿ ಬಣ್ಣ ಬಳಿದ ಮಾತ್ರಕ್ಕೆ ಸೈಕಲ್ಲಿಗೆ ಆ ಜಾಗ ಸಿಗುವುದಿಲ್ಲ.

ಅಂಗಡಿಯವರನ್ನು ನಮ್ಮ ಸೈಕಲ್ ಗ್ರೂಪಿನ ಕೆಲವರು ವಿಲನ್ ಥರ ನೋಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಮೆಡಿಕಲ್ ಶಾಪಿನ ಅಣ್ಣ ನನ್ನ ಹತ್ತಿರ ಕೇಳಿದರು, “ಮೇಡಂ, ಡಯಾಲಿಸಿಸ್ ಮುಗಿಸಿಕೊಂಡು ಬಂದವರು ಮಾತ್ರೆ ತಗೊಳೋಕೆ ಗಾಡಿ ಎಲ್ಲಿ ನಿಲ್ಲಿಸಬೇಕು, ನೀವೇ ಹೇಳಿ.” ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ಪ್ರಶ್ನೆಯನ್ನು ಕಂಬ ನೆಡುವ ಮೊದಲು ಕೇಳಿಸಿಕೊಂಡಿದ್ದರೆ ಆ ಕಂಬಗಳು ಇವತ್ತೂ ನಿಂತಿರುತ್ತಿದ್ದವೋ ಏನೋ.

ಹೋದ ತಿಂಗಳು ಪಾರ್ಕಿನ ಮಂಟಪದಲ್ಲಿ ಬಡಾವಣೆಯವರ ಸಭೆ ಆಯಿತು. ಲೇನ್ ಎಲ್ಲಿರಬೇಕು ಅನ್ನುವುದೇ ವಿಷಯ. ಮೂರು ಜಾಗದ ಹೆಸರು ಬಂತು: ಈಗಿರುವ ಮೇನ್ ರೋಡು, ರಾಜಕಾಲುವೆ ಪಕ್ಕದ ಮಣ್ಣಿನ ದಾರಿ, ಮೇನ್ ರೋಡಿಗೆ ಸಮಾನಾಂತರವಾಗಿ ಒಳಗೆ ಹೋಗುವ ಉದ್ದನೆಯ ಕ್ರಾಸು. ಎರಡು ಗಂಟೆ ಮಾತು, ಸ್ವಲ್ಪ ಜೋರು ದನಿಯೂ ಆಯಿತು.

ನಾನು ಹೋಗುವಾಗ ರಾಜಕಾಲುವೆ ಪರ ಇದ್ದೆ. ಅಲ್ಲಿ ಅಂಗಡಿ ಇಲ್ಲ, ಬಸ್ ಇಲ್ಲ, ಗೇಟುಗಳಿಲ್ಲ, ನೇರ ದಾರಿ. ನಕ್ಷೆಯಲ್ಲಿ ನೋಡಿದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಹಿಂದಿನ ಬೀದಿಯ ಸಾವಿತ್ರಮ್ಮನೋರು ಎದ್ದು ನಿಂತು, “ಸಂಜೆ ಏಳಕ್ಕೆ ನಿಮ್ಮ ಮಗಳನ್ನ ಅಲ್ಲಿ ಕಳಿಸ್ತೀರಾ?” ಅಂದರು. ಆಗ ಸುಮ್ಮನಾದೆ. ಮಾರನೇ ದಿನ ಮಗಳ ಜೊತೆ ಏಳು ಗಂಟೆಗೆ ಹೋಗಿ ನೋಡಿದೆ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಅಪಾರ್ಟ್‌ಮೆಂಟಿನ ಎತ್ತರದ ಕಾಂಪೌಂಡು. ಒಂದು ಕಿಟಕಿಯೂ ಈ ಕಡೆಗಿಲ್ಲ. ಒಳಗೆ ಹೋದ ಮೇಲೆ ಮಧ್ಯದಲ್ಲಿ ಹೊರಗೆ ಬರಲು ದಾರಿಯೇ ಇಲ್ಲ. ಲೈಟ್ ಹಾಕಬಹುದು, ಸರಿ, ಆದರೆ ಲೈಟ್ ಇದ್ದರೂ ಕೂಗಿದರೆ ಕೇಳಿಸಿಕೊಳ್ಳುವವರು ಬೇಕಲ್ಲ? ಮಳೆಗಾಲದಲ್ಲಿ ಕಾಲುವೆ ತುಂಬಿ ಆ ದಾರಿಗೆ ನೀರು ಹತ್ತುವುದನ್ನು ನಾನೇ ನೋಡಿದ್ದೇನೆ. ಸಾವಿತ್ರಮ್ಮನೋರ ಮನೆಗೆ ಹೋಗಿ, ನೀವು ಹೇಳಿದ್ದೇ ಸರಿ ಅಂತ ಹೇಳಿ ಬಂದೆ.

ಉಳಿದದ್ದು ಒಳಗಿನ ಕ್ರಾಸು. ನನ್ನ ಮನಸ್ಸು ಬದಲಾಯಿಸಿದ್ದು ಸಭೆಯಲ್ಲಿ ಆಡಿದ ಮಾತಲ್ಲ. ಒಂದು ದಿನ ರಜೆ ಇತ್ತು, ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಆ ಕ್ರಾಸಿನ ಮೂಲೆಯ ಪಂಕ್ಚರ್ ಅಂಗಡಿ ಹತ್ತಿರ ನಿಂತು ನೋಡಿದೆ. ಸೈಕಲ್ ಮೇಲೆ ಸೈಕಲ್. ನೈಟ್ ಡ್ಯೂಟಿ ಮುಗಿಸಿದ ಸೆಕ್ಯುರಿಟಿಯವರು, ಪೇಪರ್ ಹಾಕುವ ಹುಡುಗರು, ಹಿಂದೆ ಬಣ್ಣದ ಡಬ್ಬ ಕಟ್ಟಿಕೊಂಡ ಪೇಂಟರುಗಳು, ಗಾರೆ ಕೆಲಸದವರು, ಎರಡು ಮೂರು ಮನೆಯ ಅಡುಗೆಗೆ ಹೋಗುವ ಹೆಂಗಸರು. ಹೆಲ್ಮೆಟ್ ಹಾಕಿಕೊಂಡ ನನ್ನಂಥವರು ಬೆರಳೆಣಿಕೆಯಷ್ಟು. ಇವರ್‍ಯಾರೂ ಮೇನ್ ರೋಡಿನ ಹಸಿರು ಲೇನಿಗೆ ಹೋಗುತ್ತಿರಲಿಲ್ಲ. ಯಾದಗಿರಿ ಕಡೆಯಿಂದ ಬಂದ ಗಾರೆ ಕೆಲಸದ ಒಬ್ಬರನ್ನು ನಿಲ್ಲಿಸಿ ಯಾಕೆ ಅಂತ ಕೇಳಿದೆ. “ಅಲ್ಲಿ ಬಸ್ಸು ಮೈಮ್ಯಾಲೆ ಬರ್ತಾವ್ರಿ ಅಕ್ಕಾ. ಇಲ್ಲಿ ಹಂಪ್ ಅದಾವ, ಗಾಡಿ ಸಾವಕಾಶ ಹೋಗ್ತಾವ” ಅಂದರು.

ದಾರಿ ಯಾವುದು ಅಂತ ಅವರು ಆಗಲೇ ಹುಡುಕಿಕೊಂಡಿದ್ದರು. ನಾವು ಅದನ್ನು ನೋಡಿರಲಿಲ್ಲ. ಪಾರ್ಕಿನ ಸಭೆಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ, ಕರೆಯಬೇಕು ಅಂತ ನನಗೂ ಹೊಳೆದಿರಲಿಲ್ಲ. ಇದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ.

ಆ ಕ್ರಾಸಿನಲ್ಲಿ ಮನೆ ಇರುವವರ ಭಯವೂ ಸಣ್ಣದಲ್ಲ. ಗೇಟ್ ಮುಂದೆ ಕಾರು ನಿಲ್ಲಿಸೋಕೆ ಬಿಡುತ್ತಾರೋ ಇಲ್ಲವೋ, ಲೇನ್ ಅಂದುಕೊಂಡು ಡೆಲಿವರಿ ಬೈಕುಗಳೆಲ್ಲ ಇಲ್ಲೇ ನುಗ್ಗಿದರೆ, ಸಂಜೆ ವಾಕಿಂಗ್ ಹೋಗುವ ಅಜ್ಜ ಅಜ್ಜಿಯರಿಗೆ ಯಾರಾದರೂ ಗುದ್ದಿದರೆ, ರಸ್ತೆ ಅಗಲ ಮಾಡುತ್ತೇವೆ ಅಂತ ಮರ ಕಡಿದರೆ. ಮರದ ವಿಷಯಕ್ಕೆ ನಾನು ಪೂರ್ತಿ ಅವರ ಪರ. ಒಂದು ಕೊಂಬೆಯನ್ನೂ ಮುಟ್ಟಬಾರದು.

ಆದರೆ ಅಲ್ಲಿ ಲೇನ್ ಹಾಕುವುದೇ ಬೇಕಿಲ್ಲ. ಬಣ್ಣ ಬೇಡ, ಗೆರೆ ಬೇಡ, ಗೇಟ್ ಮುಂದಿನ ಕಾರು ಅಲ್ಲೇ ಇರಲಿ. ಈಗ ಆ ಕ್ರಾಸನ್ನು ಹಾಳು ಮಾಡುತ್ತಿರುವುದು ಅಲ್ಲಿಯ ಮನೆಯವರ ಕಾರುಗಳಲ್ಲ, ಮೇನ್ ರೋಡಿನ ಸಿಗ್ನಲ್ ತಪ್ಪಿಸಿಕೊಳ್ಳಲು ಒಳಗೆ ನುಗ್ಗುವ ಹೊರಗಿನವರ ಗಾಡಿಗಳು. ಕ್ರಾಸಿನ ಮಧ್ಯದಲ್ಲಿ ಒಂದು ಕಡೆ ಕಲ್ಲಿನ ಕಂಬ ನೆಟ್ಟು, ಸೈಕಲ್ಲು, ವ್ಹೀಲ್‌ಚೇರು, ನಡೆಯುವವರು ದಾಟುವಷ್ಟು ಜಾಗ ಬಿಟ್ಟು, ಕಾರಿಗೆ ಮಾತ್ರ ಆ ಕಡೆಯಿಂದ ಈ ಕಡೆಗೆ ದಾರಿ ಇಲ್ಲ ಅಂತ ಮಾಡಿದರೆ ಸಾಕು. ಮನೆಯವರು ಯಾವುದಾದರೂ ಒಂದು ತುದಿಯಿಂದ ಬರಬಹುದು, ಹೋಗಬಹುದು. ಅಡ್ಡದಾರಿಯ ಗಾಡಿ ತಾನಾಗಿ ನಿಲ್ಲುತ್ತದೆ. ಉಳಿದ ಗಾಡಿಗಳು 20-25ರ ವೇಗದಲ್ಲಿ ಹೋದರೆ ಸೈಕಲ್ಲಿಗೆ ಬೇರೆ ಲೇನ್ ಯಾಕೆ? 30 ದಾಟಿದ ಗಾಡಿ ಗುದ್ದಿದರೆ ಜೀವ ಹೋಗುವ ಅಪಾಯ ತುಂಬಾ ಬೇಗ ಏರುತ್ತದೆ. ಅದಕ್ಕಿಂತ ಕೆಳಗೆ ಇದ್ದರೆ ಎಲ್ಲರೂ ಒಂದೇ ರಸ್ತೆಯಲ್ಲಿ ಹೊಂದಿಕೊಂಡು ಹೋಗಬಹುದು. ವಾಕಿಂಗ್ ಹೋಗುವ ಹಿರಿಯರಿಗೂ ಇದರಿಂದ ಲಾಭ. ಬೈಕಿನವರು ಕಂಬದ ಸಂದಿಯಲ್ಲಿ ತೂರುತ್ತಾರೆ ಅನ್ನುವುದು ನಿಜ, ಅದಕ್ಕೆ ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ. ಆದರೂ ಈಗ ಬರುವಷ್ಟು ವೇಗದಲ್ಲಿ ಬರೋಕಾಗಲ್ಲ.

ಕಸದ ಆಟೋ ಮತ್ತು ಆಂಬುಲೆನ್ಸ್ ಬಗ್ಗೆ ಕೇಳಿದವರಿಗೆ: ಒಂದು ಕಂಬವನ್ನು ಬೀಗ ತೆಗೆದು ಮಲಗಿಸುವ ಥರ ಮಾಡಬೇಕು, ಬೀಗದ ಕೈ ಆ ಕ್ರಾಸಿನ ಎರಡು ಮೂರು ಮನೆಯಲ್ಲಿ ಇರಬೇಕು. ರಾತ್ರಿ ಎರಡು ಗಂಟೆಗೆ ಕೀ ಹುಡುಕುತ್ತಾ ಕೂರೋಕಾಗಲ್ಲ ಅಂತ ಒಬ್ಬರು ಅಂದರು, ಅದೂ ಸರಿ. ಅದಕ್ಕೇ ಕಂಬ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆ ಕ್ರಾಸಿನವರೇ ರಸ್ತೆಯಲ್ಲಿ ನಡೆದು ನೋಡಿ ಗುರುತು ಹಾಕಬೇಕು.

ಇಷ್ಟಾದರೂ ಮೇನ್ ರೋಡಿನಲ್ಲಿ ಒಂದು ಕೆಲಸ ಆಗಲೇಬೇಕು. ಕ್ರಾಸಿನಿಂದ ಬಂದವರು ಮೇನ್ ರೋಡನ್ನು ದಾಟುವ ಕಡೆ, ಸ್ಕೂಲಿನ ಹತ್ತಿರ, ಫುಟ್‌ಪಾತಿನಷ್ಟೇ ಎತ್ತರಕ್ಕೆ ಅಗಲವಾದ ಕ್ರಾಸಿಂಗ್ ಬೇಕು. ಈಗ ಲೇನಿಗೆ ಖರ್ಚು ಮಾಡಿದ ಬಣ್ಣದ ದುಡ್ಡು ಅಲ್ಲಿ ಹಾಕಿದ್ದರೆ ಮಕ್ಕಳು ಅರ್ಧ ಹೆದರಿಕೆ ಬಿಟ್ಟು ದಾಟುತ್ತಿದ್ದರು.

ಮುಂದಿನ ಸಭೆ ಭಾನುವಾರ ಅಂತ ಇಟ್ಟಿದ್ದಾರೆ, ಬೆಳಿಗ್ಗೆ 10ಕ್ಕೆ. ಆ ಹೊತ್ತಿಗೆ ಅಡುಗೆಯವರು, ಗಾರೆ ಕೆಲಸದವರು ಯಾರೂ ಬರಲು ಆಗುವುದಿಲ್ಲ. ಸಂಜೆ ಏಳಕ್ಕೆ, ಪಂಕ್ಚರ್ ಅಂಗಡಿ ಮುಂದೆಯೇ ಇಡೋಣ ಅಂತ ನಾನು ಕೇಳಿದ್ದೇನೆ. ನಿಮ್ಮ ಮನೆಗೆ, ನಿಮ್ಮ ಅಪಾರ್ಟ್‌ಮೆಂಟಿಗೆ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವರು ಇದ್ದರೆ ದಯವಿಟ್ಟು ಅವರಿಗೂ ಹೇಳಿ, ಜೊತೆಯಲ್ಲೇ ಕರೆದುಕೊಂಡು ಬನ್ನಿ.

ಅಲ್ಲಿಯ ತನಕ ಹಸಿರು ಲೇನಿನಲ್ಲೇ ಹೋಗುವವರಿಗೆ ಎರಡು ಎಚ್ಚರಿಕೆ. ದರ್ಶಿನಿ ದಾಟಿದ ಮೇಲೆ ಬರುವ ಮೂರನೇ ಚಪ್ಪಡಿ ಅಲ್ಲಾಡುತ್ತದೆ, ಮುಂದಿನ ಚಕ್ರ ಅದರ ಸಂದಿಗೆ ಇಳಿಯುತ್ತದೆ. ಮಳೆ ಬಿದ್ದ ದಿನ ಆ ಹಸಿರು ಬಣ್ಣ ತುಂಬಾ ಜಾರುತ್ತದೆ, ಬಸ್ ಸ್ಟಾಪಿನ ಹತ್ತಿರ ಇಳಿದು ತಳ್ಳಿಕೊಂಡು ಹೋಗಿ.