ಜೋಡಿ ಹಗ್ಗ, ಜಿಐ ತಂತಿ, ಸ್ಟೀಲ್ ಸ್ಟ್ಯಾಂಡ್: ನಮ್ಮನೆ ಬಟ್ಟೆಗೆ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಿತ್ತಿಲಲ್ಲಿ ನಾವೇ ಕಟ್ಟಿಕೊಂಡ ಜೋಡಿ ಹಗ್ಗಕ್ಕೆ. ಅದಕ್ಕೂ ಮುಂಚೆ ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ ಇತ್ತು. ಆಮೇಲೆ ಆನ್‌ಲೈನಲ್ಲಿ ಮಡಚುವ ಸ್ಟೀಲ್ ಸ್ಟ್ಯಾಂಡ್ ತರಿಸಿದೆವು. ಮೂರರ ಮೇಲೂ ಇದೇ ಮನೆಯ ಬಟ್ಟೆ ಒಣಗಿದೆ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಯೂನಿಫಾರಂ, ಪಂಚೆ, ಸೀರೆ, ತೋಟದ ಕೆಸರು ಬಟ್ಟೆ ಅಂತ ದಿನಕ್ಕೊಂದು ರಾಶಿ ಇದ್ದೇ ಇರುತ್ತೆ. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಹಾಗಾಗಿ ಪೇಟೆಯವರಿಗೆ ಒಗ್ಗಿದ್ದು ನಮಗೂ ಒಗ್ಗುತ್ತೆ ಅಂತೇನಿಲ್ಲ. ಮಳೆ ಸ್ವಲ್ಪ ಹೊಳವಾದಾಗ ಸಿಗುವ ಬಿಸಿಲಲ್ಲಿ ಎಷ್ಟು ಬಟ್ಟೆ ಒಣಗಿತು ಅನ್ನೋದೇ ನಮ್ಮ ಲೆಕ್ಕ.

ಸ್ಟ್ಯಾಂಡ್ ನೋಡಲು ಚೆಂದ. ಮಡಚಿ ಬಾಗಿಲ ಹಿಂದೆ ಒರಗಿಸಿಡಬಹುದು. ಅದರ ತೊಂದರೆ ಇರೋದು ಸರಳುಗಳಲ್ಲಿ. ಒಂದು ಸರಳಿಗೂ ಇನ್ನೊಂದಕ್ಕೂ ಮಧ್ಯೆ ನಾಲ್ಕು ಬೆರಳಿನಷ್ಟು ಜಾಗ. ಬನಿಯನ್, ಟವೆಲ್, ಕಾಲುಚೀಲ ಆದರೆ ಸರಿ. ಸೀರೆ ಐದೂವರೆ ಮೀಟರ್ ಉದ್ದ. ಅಲ್ಲಿ ಹಾಕಬೇಕೆಂದರೆ ಮಡಿಕೆ ಮೇಲೆ ಮಡಿಕೆ ಹಾಕಲೇಬೇಕು. ಪಕ್ಕದ ಸರಳಿನಲ್ಲಿ ಪಂಚೆ ಇದ್ದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮಧ್ಯೆ ಗಾಳಿಯೇ ಆಡುವುದಿಲ್ಲ. ಸಂಜೆ ಮುಟ್ಟಿದರೆ ಮೇಲಿನ ಮಡಿಕೆ ಗರಿಗರಿ. ಒಳಗೆ ಕೈ ತೂರಿಸಿದರೆ ತಣ್ಣಗೆ. ಅತ್ತೆ ಒಮ್ಮೆ ಕೇಳಿಯೇಬಿಟ್ಟರು, "ಇದು ಬಟ್ಟೆ ಒಣಗಿಸೋದಕ್ಕೋ, ಪೇರಿಸಿಡೋದಕ್ಕೋ?"

ಒಂದು ಸರಳು ಬಿಟ್ಟು ಒಂದರ ಮೇಲೆ ಹಾಕಿ ನೋಡಿದೆ. ಬಟ್ಟೆ ಒಣಗಿತು, ಆದರೆ ಅರ್ಧ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಮಧ್ಯಾಹ್ನ ಹೋಗಿ ಒಂದೊಂದನ್ನೇ ತಿರುವಿ ಹಾಕೋಣ ಅಂದರೆ ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿರುತ್ತೇನೆ. ಬಟ್ಟೆ ನಿಧಾನಕ್ಕೆ ಒಣಗಿದಷ್ಟೂ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮುಗ್ಗಲು ವಾಸನೆ ಬರೋದು ಅದರಿಂದಲೇ. ಮಗಳ ಯೂನಿಫಾರಂನಿಂದ ಆ ವಾಸನೆ ಬಂದಾಗ ನನಗೆ ನಿಜಕ್ಕೂ ಬೇಜಾರಾಯಿತು. ಎಷ್ಟು ಸೋಪು ಹಾಕಿ ಒಗೆದರೇನು, ಒಣಗುವ ಜಾಗ ಸರಿಯಿಲ್ಲದಿದ್ದರೆ?

ಗಾಳಿ ಬಂದರೆ ಸ್ಟ್ಯಾಂಡ್ ಮಗುಚುತ್ತೆ. ಅದರ ಚಕ್ರ ಮಣ್ಣಿನ ನೆಲದಲ್ಲಿ ಉರುಳುವುದಿಲ್ಲ.

ಜಿಐ ತಂತಿ ಗಟ್ಟಿ. 10 ಗೇಜಿನದ್ದು ಮೂರು ಮಿ.ಮೀ.ಗಿಂತ ಸ್ವಲ್ಪ ದಪ್ಪ ಇರುತ್ತೆ, ಕಂಬಳಿಗೂ ಜಗ್ಗುವುದಿಲ್ಲ. ಆದರೆ ಮೇಲಿನ ಸತುವಿನ ಲೇಪ ಸವೆಯುವವರೆಗೆ ಮಾತ್ರ ಅದರ ಚೆಂದ. ಕೊಕ್ಕೆಗೆ ಉಜ್ಜುವ ಕಡೆ, ತಿರುಚಿ ಗಂಟು ಹಾಕಿದ ಕಡೆ ಮೊದಲು ತುಕ್ಕು ಕಾಣಿಸುತ್ತೆ. ಅಲ್ಲಿಗೆ ಬಿಳಿ ಪಂಚೆ ತಾಗಿತೋ, ಅಡ್ಡಕ್ಕೆ ಕಂದು ಗೆರೆ. ಹಾಗಾದರೆ ಬ್ಲೀಚ್ ಹಾಕಬೇಡಿ, ಕಲೆ ಇನ್ನೂ ಕಚ್ಚಿಕೊಳ್ಳುತ್ತೆ. ನಿಂಬೆರಸ, ಉಪ್ಪು ತಿಕ್ಕಿ ಬಿಸಿಲಿಗಿಟ್ಟು ಒಗೆದರೆ ಹೊಸ ಕಲೆ ಬಹುಮಟ್ಟಿಗೆ ಹೋಗುತ್ತೆ. ಪ್ಲಾಸ್ಟಿಕ್ ಹೊದಿಸಿದ ತಂತಿಯೂ ಬರುತ್ತೆ, ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಒಳಗೆ ಅದೇ ಕಥೆ.

ಈಗ ನಮ್ಮ ಹಗ್ಗಕ್ಕೆ ಬರುತ್ತೇನೆ. ಅಂಗಡಿಯಲ್ಲಿ ನೈಲಾನ್ ಅಂತ ಕೊಡುವ ನೀಲಿ ಹಗ್ಗ ಎಷ್ಟೋ ಸಲ ನೈಲಾನ್ ಆಗಿರುವುದಿಲ್ಲ, ಪಾಲಿಪ್ರೊಪಿಲಿನ್ ಆಗಿರುತ್ತೆ. ನಮಗೆ ಅದೇ ಒಳ್ಳೇದು. ನೈಲಾನ್ ನೀರು ಹೀರಿ ಹಿಗ್ಗುತ್ತೆ, ಇದು ನೀರು ಹೀರುವುದಿಲ್ಲ. ಬಿಸಿಲು ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಬೇಕಾದ ಅಳತೆಯ ಎರಡರಷ್ಟು, ಮೇಲೆ ಸ್ವಲ್ಪ ಜಾಸ್ತಿ ಹಗ್ಗ ತಗೊಂಡು ನಡುವಿಗೆ ಮಡಚಿ ಒಂದು ಕಂಬಕ್ಕೆ ಸಿಕ್ಕಿಸಿ. ಎರಡು ಎಳೆಯನ್ನೂ ಒಂದಕ್ಕೊಂದು ಹುರಿ ಮಾಡುತ್ತಾ ಬಂದು ಇನ್ನೊಂದು ಕಂಬಕ್ಕೆ ಕಟ್ಟಿ. ಬಟ್ಟೆಯ ತುದಿಯನ್ನು ಎರಡು ಎಳೆಯ ಮಧ್ಯೆ ತೂರಿಸಿದರೆ ಹಗ್ಗವೇ ಕಚ್ಚಿ ಹಿಡಿಯುತ್ತೆ. ಕ್ಲಿಪ್ಪೇ ಬೇಡ. ಬಿಸಿಲಿಗೆ ಕ್ಲಿಪ್ಪು ಪಟಪಟ ಮುರಿಯುವುದು, ತಿಂಗಳಿಗೊಮ್ಮೆ ಹೊಸದು ತರುವುದು ಎಲ್ಲ ನಿಂತಿತು.

ಹಗ್ಗವನ್ನು ತುಂಬಾ ಬಿಗಿಯಬೇಡಿ. 20 ಅಡಿ ದೂರದ ಕಂಬಗಳ ನಡುಮಧ್ಯಕ್ಕೆ 4 ಕೆಜಿಯ ಒದ್ದೆ ಕಂಬಳಿ ಹಾಕಿದಾಗ ಹಗ್ಗ 1 ಅಡಿ ಜೋತರೆ ಒಂದೊಂದು ಕಂಬದ ಮೇಲೂ ಸುಮಾರು 20 ಕೆಜಿ ಎಳೆತ ಬೀಳುತ್ತೆ. ಬರೀ 3 ಇಂಚು ಜೋಲುವಷ್ಟು ಬಿಗಿದರೆ ಅದೇ ಕಂಬಳಿಗೆ 80 ಕೆಜಿ. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಕಂಬ ವಾಲದೆ ಏನು ಮಾಡುತ್ತೆ? ನಾವು ಬೇಲಿಯ ಕಲ್ಲುಕಂಬಗಳನ್ನೇ ಹುಗಿದು, ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟು, ಮಧ್ಯಕ್ಕೆ ಬಿದಿರಿನ ಕವೆಗೋಲು, ಅಂದರೆ ತುದಿ ಕವಲಾದ ಕೋಲು ಕೊಟ್ಟಿದ್ದೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಈ ಕವೆಗೋಲೇ. ಅತ್ತೆ ಕುಳ್ಳಗಿದ್ದಾರೆ, ಭುಜದ ನೋವು ಬೇರೆ. ತಂತಿ ಇದ್ದಾಗ ಅವರ ಸೀರೆಯನ್ನೂ ನಾನೇ ಹರವಬೇಕಿತ್ತು. ಈಗ ಕೋಲು ಓರೆ ಮಾಡಿದರೆ ಹಗ್ಗ ಅವರ ಎದೆಮಟ್ಟಕ್ಕೆ ಇಳಿಯುತ್ತೆ. ಅವರೇ ಸೀರೆ ಹರವಿ, ಅಂಚು ಎಳೆದು, ಕೋಲು ನೆಟ್ಟಗೆ ಮಾಡಿದರೆ ಹಗ್ಗ ಮೇಲೇರುತ್ತೆ, ಗಾಳಿಯೂ ಸಿಗುತ್ತೆ. ಚಿಕ್ಕ ಮಗ ತನ್ನ ಚಡ್ಡಿ ತಾನೇ ಸಿಕ್ಕಿಸುತ್ತಾನೆ. ಮೊದಲು ಬಟ್ಟೆ ಒಣಹಾಕುವುದು ನನ್ನೊಬ್ಬಳ ಕೆಲಸವಾಗಿತ್ತು, ಈಗ ಎಲ್ಲರದ್ದೂ.

ಅಡಿಕೆ ಮರ ಸೀಳಿದ ದಬ್ಬೆಯನ್ನೇ ಗಳದ ಹಾಗೆ ಕಟ್ಟಿ ಅಂತ ಕೆಲವರು ಹೇಳಿದರು. ಸಿಬಿರಿಗೆ ಸಿಕ್ಕಿ ಸೀರೆ ಎಳೆ ಬಿಡುತ್ತೆ, ಬೇಡ.

ಹಗ್ಗವನ್ನು ಅಂಗಳದಲ್ಲಿ ಕಟ್ಟದೆ ಹಿತ್ತಿಲಿಗೆ ಒಯ್ದದ್ದಕ್ಕೂ ಕಾರಣ ಇದೆ. ಸುಗ್ಗಿಯಲ್ಲಿ ಅಂಗಳದ ತುಂಬಾ ಬೇಯಿಸಿದ ಅಡಿಕೆ ಹರವಿರುತ್ತೆ. ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ಅದರ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಇನ್ನು ಆಷಾಢದಲ್ಲಿ ಮಳೆ ಹಿಡಿದು ಕೂತರೆ ಮೂರೂ ಒಂದೇ, ಬಚ್ಚಲು ಒಲೆಯ ಮೇಲಿನ ಗಳವೇ ಗತಿ. ಆಗ ಚಿಕ್ಕಪುಟ್ಟ ಬಟ್ಟೆಗೆ ಸ್ಟ್ಯಾಂಡನ್ನು ಜಗಲಿಯಲ್ಲಿ ಬಿಡಿಸುತ್ತೇನೆ, ಅಷ್ಟರಮಟ್ಟಿಗೆ ಅದು ಉಪಯೋಗಕ್ಕೆ ಬಂತು.

ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಇಬ್ಬರೇ, ಸೀರೆ ಉಡುವವರಿಲ್ಲ ಅಂದರೆ ಸ್ಟ್ಯಾಂಡ್ ತಗೊಳ್ಳಿ. ಹಿತ್ತಿಲು ಇದ್ದು, ಮನೆ ತುಂಬಾ ಜನ ಇದ್ದರೆ ಸ್ಟ್ಯಾಂಡಿನ ದುಡ್ಡಿನ ಸಣ್ಣ ಪಾಲಲ್ಲೇ ಹಗ್ಗದ ಕೆಲಸ ಮುಗಿಯುತ್ತೆ. ಹಗ್ಗ ಎಳೆ ಎಳೆಯಾಗಿ ಬಿಟ್ಟು ಕೈಗೆ ಚುಚ್ಚತೊಡಗಿದರೆ ಬದಲಿಸಿ. ಆ ಕೆಲಸವನ್ನು ಕೊನೆಕೊಯ್ಲಿಗೆ, ಅಂದರೆ ಅಡಿಕೆ ಗೊನೆ ಕೊಯ್ಯುವುದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಆಮೇಲೆ ಮನೆಯಲ್ಲಿ ಯಾರಿಗೂ ಪುರಸೊತ್ತು ಇರುವುದಿಲ್ಲ.